ಮುದುಡಿದ ಯುದ್ಧನೌಕೆ

ಕಾರವಾರದ ಕಡಲತೀರದಲ್ಲಿ ನಿಂತಿರುವ ‘ಐಎನ್‌ಎಸ್ ಚಪಲ್’ ಎಂಬ ಕ್ಷಿಪಣಿ ನೌಕೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೌಕಾಪಡೆಯಿಂದ ನಿವೃತ್ತಿಯಾದ ಈ ನೌಕೆ 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಳಿಯಾಳದ ಕಡೆಯ ಒಂದು ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಅದನ್ನಷ್ಟೇ ಅಲ್ಲ, ಸಮುದ್ರವನ್ನೇ ನೋಡಿರಲಿಲ್ಲ. ಜೋಯಿಡಾದಲ್ಲಿ ಹುಟ್ಟಿ ದಾಂಡೇಲಿಯನ್ನು ದಾಟಿ ಹರಿಯುವ ಕಾಳಿ ಕಾರವಾರದಲ್ಲೇ ಕಡಲು ಸೇರುತ್ತದೆ ಎಂದು ಮಾತ್ರ ಪುಸ್ತಕದಲ್ಲಿ ಓದಿದ್ದರು. ಹಾಗಾದರೆ ಹಡಗನ್ನೇ ಶಾಲೆಗೆ ತರೋಣ ಎಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಾಗದದ ಚಪಲ್ ಮಾಡಲು ಹೊರಟೆವು.

ನಿಜವಾದ ನೌಕೆಯ ಉದ್ದ ಸುಮಾರು 38.6 ಮೀಟರ್. ನೂರನೇ ಒಂದು ಅಳತೆಗೆ ಇಳಿಸಿದರೆ 38.6 ಸೆಂಟಿಮೀಟರ್. ಡ್ರಾಯಿಂಗ್ ಶೀಟಿನಲ್ಲಿ ಭಾಗಗಳನ್ನು ಕತ್ತರಿಸಿದವನು ನಾನು. ಶೀಟು ಉಳಿಯಲೆಂದು ಒಂದು ಪಕ್ಕವನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕತ್ತರಿಸಿದೆ. ಮೈದಾ ಅಂಟು ಹಚ್ಚಿದವಳು ಏಳನೇ ತರಗತಿಯ ಒಬ್ಬ ಹುಡುಗಿ. ಆಗಸ್ಟ್ ತಿಂಗಳು, ಬಿಡದ ಮಳೆ. ಮರುದಿನ ನೋಡಿದರೆ ಎಡಪಕ್ಕ ನೆಟ್ಟಗಿದೆ, ಬಲಪಕ್ಕ ಮಾತ್ರ ಅಡ್ಡಗೋಡೆಗಳ ನಡುವೆ ಉಬ್ಬಿ ಅಲೆಅಲೆಯಾಗಿದೆ!

“ಅಂಟು ಸುರಿದುಬಿಟ್ಟಿದ್ದೀಯ” ಎಂದು ಎಲ್ಲರೆದುರು ಗದರಿದೆ.

“ಇಲ್ರೀ ಸರ್, ಎರಡಕ್ಕೂ ಅಷ್ಟ ಹಚ್ಚೀನಿ” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಎರಡು ದಿನ ಅವಳು ನಮ್ಮ ಗುಂಪಿಗೆ ಬರಲಿಲ್ಲ. ಮೂರನೆಯ ದಿನ ಉಳಿದ ಚೂರುಗಳಿಂದ ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿಕೊಂಡು ಬಂದಳು. ಎರಡರ ತುದಿಯನ್ನೂ ಬೆರಳಲ್ಲಿ ಹಿಡಿದು ಚಾಚಿದಳು. ಒಂದು ಹೆಚ್ಚುಕಡಿಮೆ ನೆಟ್ಟಗೆ ನಿಂತಿತು, ಇನ್ನೊಂದು ಜೋತುಬಿತ್ತು. “ಒಂದು ಉದ್ದಕ ಕತ್ತರಿಸಿದ್ದು, ಒಂದು ಅಡ್ಡಕ ಕತ್ತರಿಸಿದ್ದು ನೋಡ್ರಿ” ಎಂದಳು.

ಕಾಗದ ತಯಾರಾಗುವಾಗ ನಾರು ಬೆರೆತ ನೀರು ಓಡುತ್ತಿರುವ ಜಾಲರಿಯ ಮೇಲೆ ಹರಡಿಕೊಳ್ಳುತ್ತದೆ. ಆಗ ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನೀರು ತಾಗಿದರೆ ನಾರು ದಪ್ಪವಾಗುತ್ತದೆ, ಆದರೆ ಉದ್ದ ಬಹಳ ಕಡಿಮೆ ಹೆಚ್ಚುತ್ತದೆ. ಹಾಗಾಗಿ ನಾರು ಅಡ್ಡವಾಗಿದ್ದ ಬಲಪಕ್ಕ ಅಂಟಿನ ನೀರು ಕುಡಿದು ಉದ್ದಕ್ಕೆ ಹಿಗ್ಗಿತು. ಹಿಗ್ಗಲು ಜಾಗವಿಲ್ಲದೆ ಉಬ್ಬಿತು. ದಾಂಡೇಲಿಯ ಕಾಗದ ಕಾರ್ಖಾನೆಯ ಪಕ್ಕದಲ್ಲೇ ಇಷ್ಟು ವರ್ಷ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ.

ತಪ್ಪು ನನ್ನ ಕತ್ತರಿಯದು ಎಂದು ತರಗತಿಯ ಮುಂದೆ ಹೇಳಿದೆ. ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲೂ ನಾನು ಅಷ್ಟು ತಡವರಿಸಿರಲಿಲ್ಲ. ಅವಳು ಏನೂ ಹೇಳಲಿಲ್ಲ, ಹೊಸ ಶೀಟು ತೆಗೆದುಕೊಂಡು ನಾರಿನ ದಿಕ್ಕಿಗೆ ಪೆನ್ಸಿಲ್‌ನಿಂದ ಬಾಣ ಹಾಕತೊಡಗಿದಳು.

ಎರಡನೆಯ ಹಡಗಿಗೆ ಮೇಣ ಸವರಿ ಟಬ್ಬಿನ ನೀರಿನಲ್ಲಿ ಬಿಟ್ಟೆವು. ಕ್ಷಣದಲ್ಲೇ ಮಗುಚಿತು. ಕೆಳಗೆ ತೆಳು ಕಾಗದ, ಮೇಲೆ ದಪ್ಪ ರಟ್ಟಿನ ನಾಲ್ಕು ಕ್ಷಿಪಣಿ ಪೆಟ್ಟಿಗೆಗಳು. ಮಗುಚದೆ ಇನ್ನೇನು? 1628ರಲ್ಲಿ ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ ಮೇಲ್ಭಾಗದ ಭಾರ ಹೆಚ್ಚಾಗಿ ಮೊದಲ ಪಯಣದಲ್ಲೇ ಮುಳುಗಿದ ಕಥೆ ಹೇಳಿದೆ. ಮಕ್ಕಳಿಗೆ ಸ್ವಲ್ಪ ಸಮಾಧಾನವಾಯಿತು, ನನಗೂ.

ಹಾಗಾದರೆ ನಮ್ಮ ಹಡಗು ಎಷ್ಟು ತೂಗಬೇಕು? ಅಸಲಿ ನೌಕೆ ಸುಮಾರು 240 ಟನ್. ನೂರರಿಂದ ಭಾಗಿಸಿದರೆ 2.4 ಟನ್ ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟು ಕುಗ್ಗಿದರೆ ಗಾತ್ರ ಹತ್ತು ಲಕ್ಷ ಪಟ್ಟು ಕುಗ್ಗುತ್ತದೆ! ಅಂದರೆ ತೂಕ 240 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನಮ್ಮದು 90 ಗ್ರಾಂ ಕೂಡ ತೂಗಲಿಲ್ಲ. ಉಳಿದ ಭಾರಕ್ಕೆ ಸೈಕಲ್ ಅಂಗಡಿಯಿಂದ ಕಬ್ಬಿಣದ ವಾಷರುಗಳನ್ನು ತಂದು ತಳದ ನಡುಗೆರೆಯುದ್ದಕ್ಕೂ ಅಂಟಿಸಿದೆವು. ಹಡಗು ನೀರಿನ ಗೆರೆಯವರೆಗೆ ಇಳಿದು ನೆಟ್ಟಗೆ ನಿಂತಿತು. ತಳ್ಳಿದರೂ ತೂಗಾಡಿ ಮತ್ತೆ ನೆಟ್ಟಗಾಯಿತು.

ಪ್ರದರ್ಶನದಲ್ಲಿ ನಮಗೆ ಬಹುಮಾನ ಬರಲಿಲ್ಲ. ಹಡಗು ಈಗಲೂ ಆ ಶಾಲೆಯ ಕಪಾಟಿನ ಮೇಲಿದೆ. ವಾಷರೊಂದು ಕಿತ್ತುಹೋಗಿದ್ದರಿಂದ ಸ್ವಲ್ಪ ಎಡಕ್ಕೆ ವಾಲಿದೆ. ತಳದಲ್ಲಿ ಪೆನ್ಸಿಲ್ ಬಾಣಗಳು ಮಾಸದೆ ಹಾಗೇ ಇವೆ.