ಹಳೆಯ ಟೈರಿನ ಪೂರ್ವಾಶ್ರಮ

ಋಷಿಮೂಲವನ್ನೂ ನದೀಮೂಲವನ್ನೂ ಕೆದಕಬಾರದೆಂದು ಹಿರಿಯರು ಹೇಳಿದ್ದಾರೆ. ಸನ್ಯಾಸಿಯ ಪೂರ್ವಾಶ್ರಮವನ್ನು ವಿಚಾರಿಸುವುದೂ ಶಿಷ್ಟಾಚಾರವಲ್ಲ. ಆ ಹಿರಿಯರ ಕಾಲದಲ್ಲಿ ಮೋಟಾರು ಕಾರು ಇರಲಿಲ್ಲ. ಇದ್ದಿದ್ದರೆ ಅವರು ಈ ವಿಧಿಗೆ ಒಂದು ಅಪವಾದವನ್ನು ಸೇರಿಸುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ. ಋಷಿಯ ಮೂಲವನ್ನು ಕೇಳದಿದ್ದರೆ ಅವನ ಉಪದೇಶಕ್ಕೆ ಕುಂದಿಲ್ಲ. ನದಿಯ ಮೂಲವನ್ನು ಅರಿಯದಿದ್ದರೂ ಬಾಯಾರಿಕೆ ತೀರುತ್ತದೆ. ಆದರೆ ಇನ್ನೊಬ್ಬರು ಓಡಿಸಿ ಬಿಟ್ಟ ಟೈರಿನ ಮೂಲವನ್ನು ಕೇಳದೆ ಅದನ್ನು ತನ್ನ ಕಾರಿಗೆ ಹಾಕಿಸಿಕೊಂಡವನು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಒಂದು ಅಜ್ಞಾತ ಚರಿತ್ರೆಯ ಮೇಲೆ ಸವಾರಿ ಹೊರಡುತ್ತಾನೆ.

ಇತರರು ಬಳಸಿದ ವಸ್ತುವನ್ನು ಕೊಳ್ಳುವುದು ಮಧ್ಯಮವರ್ಗದ ಸಂಸಾರಕ್ಕೆ ಹೊಸದೂ ಅಲ್ಲ, ಅವಮಾನವೂ ಅಲ್ಲ. ಅಣ್ಣನಿಗೆ ಗಿಡ್ಡವಾದ ಅಂಗಿ ತಮ್ಮನಿಗೆ ಬರುತ್ತದೆ. ಅಕ್ಕನ ಪಠ್ಯಪುಸ್ತಕ ತಂಗಿಗೆ ಸಲ್ಲುತ್ತದೆ. ಅದೂ ಸಾಲದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯೇ ಉಂಟು. ಹಿಂದಿನ ವಿದ್ಯಾರ್ಥಿ ಅವುಗಳಲ್ಲಿ ಎಳೆದಿರುವ ಪೆನ್ಸಿಲಿನ ಗೆರೆಗಳು ಪರೀಕ್ಷೆಯ ದೃಷ್ಟಿಯಿಂದ ಲಾಭವೆಂದೇ ಎಣಿಕೆ. ಕಾರನ್ನೂ ಹೀಗೆಯೇ ಎರಡನೆಯ ಕೈಯಿಂದ ಕೊಂಡವರು ಎಷ್ಟೋ ಮಂದಿ. ಈ ಮಿತವ್ಯಯವನ್ನು ಹಳಿಯುವವರು ತಿಂಗಳ ಕೊನೆಯ ವಾರವನ್ನು ಕಾಣದವರು. ಆದರೂ ಒಂದು ಭೇದವುಂಟು. ಪುಸ್ತಕದಲ್ಲಿ ಹಾಳೆ ಹರಿದಿದ್ದರೆ ಐದು ಅಂಕ ಹೋಗಬಹುದು. ಅಂಗಿಯ ಹೊಲಿಗೆ ಬಿಟ್ಟರೆ ನಾಲ್ವರು ನಗಬಹುದು. ಓಡುವ ಕಾರಿನ ಟೈರು ಹರಿದರೆ ನಗುವವರು ಯಾರೂ ಇರುವುದಿಲ್ಲ.

ಟೈರು ವರ್ಷವಿಡೀ ಸವೆಯುತ್ತದೆ. ಆದರೆ ಅದು ಸವೆದಿದೆಯೆಂದು ಮನೆಯ ಯಜಮಾನರಿಗೆ ಹೊಳೆಯುವುದು ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ, ಮೊದಲ ಮಳೆಗೆ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಎರಡು ಮಾರು ಮುಂದಕ್ಕೆ ಜಾರಿದಾಗ. ಅದೇ ತಿಂಗಳು ಮಕ್ಕಳ ಶಾಲೆಯ ಫೀಜು, ಹೊಸ ಪುಸ್ತಕ, ಕೊಡೆ, ಬೂಟು ಎಲ್ಲವೂ ಒಟ್ಟಾಗಿ ಬಾಗಿಲು ತಟ್ಟುತ್ತಿರುತ್ತವೆ. ಸಣ್ಣ ಕಾರಿಗೇ ಆದರೂ ನಾಲ್ಕು ಹೊಸ ಟೈರುಗಳೆಂದರೆ ಹತ್ತು ಸಾವಿರ ರೂಪಾಯಿಗೆ ಮುಗಿಯುವ ಮಾತಲ್ಲ. ಆಗ ಕಚೇರಿಯ ಹಿತೈಷಿಯೊಬ್ಬರು ದನಿ ತಗ್ಗಿಸಿ ಹೇಳುತ್ತಾರೆ: “ಶಿವಾಜಿನಗರದ ಗುಜರಿ ಕಡೆ ಒಮ್ಮೆ ಹೋಗಿ ನೋಡಿ ಸ್ವಾಮಿ. ಅರ್ಧ ಬೆಲೆ!”

ಅಲ್ಲಿನ ಅಂಗಡಿಗಳಲ್ಲಿ ಟೈರುಗಳು ಕಪ್ಪು ಪಾಲಿಶು ಬಳಿದುಕೊಂಡು, ಮದುವೆಯ ಗಂಡಿನಂತೆ ಮಿರಮಿರನೆ ಮಿನುಗುತ್ತಿರುತ್ತವೆ. ಅಂಗಡಿಯವನ ಮಾತೂ ಅಷ್ಟೇ ನುಣುಪು. “ಡಾಕ್ಟ್ರ ಗಾಡೀದು ಸಾರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ಐದು ಸಾವಿರ ಕಿಲೋಮೀಟರೂ ಓಡಿಲ್ಲ.” ಹಳೆಯ ಟೈರಿನ ಅಂಗಡಿಗಳನ್ನು ಸುತ್ತಿ ಬಂದವರಿಗೆ, ಈ ಊರಿನ ವೈದ್ಯರಿಗೆ ರೋಗಿಗಳನ್ನು ನೋಡುವುದಕ್ಕಿಂತ ಟೈರು ಬದಲಾಯಿಸುವುದೇ ಮುಖ್ಯ ಕಸುಬೇನೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಅಂಗಡಿಯವನು ಬೇಕೆಂದೇ ಸುಳ್ಳು ಹೇಳುತ್ತಾನೆಂದೂ ಅಲ್ಲ. ಅವನು ಅವನ್ನು ರಾಶಿಯಾಗಿ ಕೊಂಡವನು. ಯಾವ ಟೈರು ಯಾವ ರಸ್ತೆಯಲ್ಲಿ ಯಾವ ಗುಂಡಿಗೆ ಬಿದ್ದೆದ್ದಿತೆಂಬುದು ಅವನಿಗೂ ತಿಳಿಯದು.

ಪ್ರಾಣದ ಮಾತು ಹಾಗಿರಲಿ. ಮೊದಲು ಹಣದ ಮಾತನ್ನೇ ಪರಿಶೀಲಿಸಬಹುದು. ಹೊಸ ಕಾರು ಟೈರಿನ ಮೈಮೇಲಿನ ಗೀರುಗಳ ಆಳ ಸುಮಾರು 8 ಮಿಲಿಮೀಟರು. ಆ ಗೀರುಗಳ ತಳದಲ್ಲಿ ಅಲ್ಲಲ್ಲಿ 1.6 ಮಿಲಿಮೀಟರು ಎತ್ತರದ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಈ ದಿಬ್ಬಗಳ ಸಮಕ್ಕೆ ಬಂದಿತೆಂದರೆ ಅದರ ಆಯುಸ್ಸು ಮುಗಿಯಿತು. ಆದ್ದರಿಂದ ಹೊಸ ಟೈರಿನಲ್ಲಿ ಬಳಕೆಗೆ ದಕ್ಕುವುದು 8 ಅಲ್ಲ, 6.4 ಮಿಲಿಮೀಟರು. ಅಂಗಡಿಯಲ್ಲಿ 4 ಮಿಲಿಮೀಟರು ಉಳಿದ ಟೈರನ್ನು ಕಂಡವರು ‘ಅರ್ಧ ಆಯುಸ್ಸಿದೆ, ಅರ್ಧ ಬೆಲೆ ನ್ಯಾಯವೇ’ ಎಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಬಳಕೆಗೆ ಉಳಿದಿರುವುದು 2.4 ಮಿಲಿಮೀಟರು ಮಾತ್ರ. ಎಂದರೆ ಎಂಟರಲ್ಲಿ ಮೂರು ಪಾಲು. ಹೊಸದಕ್ಕೆ 4,000 ರೂಪಾಯಿಯಾದರೆ ಇದಕ್ಕೆ ಸಲ್ಲುವ ಬೆಲೆ 1,500. ಎರಡು ಸಾವಿರ ಕೊಟ್ಟವನು ಲಾಭವೆಂದು ಬೀಗುತ್ತ ಐನೂರು ರೂಪಾಯಿ ಕಳೆದುಕೊಂಡಿರುತ್ತಾನೆ. ಹಾಕಿಸುವ ಕೂಲಿ, ತೂಕ ಸರಿಪಡಿಸುವ ಕೂಲಿ ಬೇಗನೆ ಇನ್ನೊಮ್ಮೆ ತೆರಬೇಕಾಗುವುದು ಬೇರೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದ ಮೇಲಂತೂ ಹಳೆಯದರ ಆಕರ್ಷಣೆ ಇನ್ನಷ್ಟು ತಗ್ಗಬೇಕು.

ಗೀರಿನ ಆಳವನ್ನಾದರೂ ಅಳೆಯಬಹುದು. ವಯಸ್ಸಿನ ವಿಚಾರ ಇನ್ನೂ ಸೂಕ್ಷ್ಮ. ರಬ್ಬರು ಓಡಿದರೆ ಮಾತ್ರ ಸವೆಯುವ ವಸ್ತುವಲ್ಲ. ಸುಮ್ಮನೆ ಕುಳಿತರೂ ಗಾಳಿ, ಬಿಸಿಲು, ಶಾಖಗಳಿಗೆ ಅದು ಬಿರುಸಾಗುತ್ತದೆ, ಬಿರುಕು ಬಿಡುತ್ತದೆ. ಗೀರು ತುಂಬ ಇದ್ದೂ ಒಳಗೆ ಮುಪ್ಪಾದ ಟೈರು, ತಲೆಗೆ ಬಣ್ಣ ಹಚ್ಚಿಕೊಂಡ ವೃದ್ಧನಂತೆ. ಅದೃಷ್ಟವಶಾತ್ ಟೈರಿಗೆ ಜಾತಕವಿದೆ. ಅದರ ಪಕ್ಕೆಯ ಮೇಲೆ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯೇ ಅದು. ‘2319’ ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ಅದರ ಜನನವಾಯಿತೆಂದು ಅರ್ಥ. ಒಂದು ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕವನ್ನು ತಿರುಗಿಸಿ ನೋಡಬೇಕು. ಐದು ವರ್ಷ ತುಂಬಿದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ತುಂಬಿದ್ದನ್ನು ನೋಡಲು ಎಷ್ಟೇ ಚೆನ್ನಾಗಿದ್ದರೂ ತೆಗೆಯಬೇಕು ಎಂಬುದು ಟೈರು ತಯಾರಕರೇ ಕೊಡುವ ಸಲಹೆ. ಮದುವೆಯ ಜಾತಕವನ್ನು ನಾಲ್ಕು ಜನ ಜೋಯಿಸರಿಗೆ ತೋರಿಸುವ ಮನೆಗಳಲ್ಲಿ ಈ ನಾಲ್ಕಂಕಿಯ ಜಾತಕವನ್ನು ಓದುವವರು ವಿರಳ.

ಈ ಮಾತು ಬರಿಯ ಹೆದರಿಕೆಯಲ್ಲವೆಂಬುದಕ್ಕೆ ಇಂಗ್ಲೆಂಡಿನ ದುರ್ಘಟನೆಯೊಂದು ಸಾಕ್ಷಿ. 2012ರ ಸೆಪ್ಟೆಂಬರಿನಲ್ಲಿ ಸಂಗೀತೋತ್ಸವವನ್ನು ಮುಗಿಸಿಕೊಂಡು ಹಿಂದಿರುಗುತ್ತಿದ್ದ ತರುಣರ ಬಸ್ಸೊಂದು ಸರ್ರೆ ಪ್ರಾಂತದ ಹೈಂಡ್‌ಹೆಡ್ ಬಳಿ ಮುಂಚಕ್ರದ ಟೈರು ಒಡೆದು ಮರಕ್ಕೆ ಅಪ್ಪಳಿಸಿತು. ಮೂವರು ಸತ್ತರು. ಒಡೆದ ಟೈರಿನ ವಯಸ್ಸು 19 ವರ್ಷಕ್ಕೂ ಹೆಚ್ಚು. ಅದು ಆ ಬಸ್ಸಿಗಿಂತಲೂ ಹಿರಿಯದು. ಅಂಥ ಟೈರನ್ನು ಹಾಕಕೂಡದೆಂಬ ಕಾನೂನು ಆಗ ಅಲ್ಲಿ ಇರಲಿಲ್ಲ. ಸತ್ತವರಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬನಿದ್ದನು. ಅವನ ತಾಯಿ ವರ್ಷಗಟ್ಟಲೆ ಹೋರಾಡಿದಳು. ಕೊನೆಗೆ 2021ರ ಫೆಬ್ರವರಿ 1ರಿಂದ ಬಸ್ಸು, ಲಾರಿಗಳ ಮುಂಚಕ್ರಗಳಿಗೆ ಹತ್ತು ವರ್ಷ ಮೀರಿದ ಟೈರು ಹಾಕುವುದು ಅಲ್ಲಿ ನಿಷಿದ್ಧವಾಯಿತು. ನಾಲ್ಕಂಕಿಯನ್ನು ಓದುವ ಅಭ್ಯಾಸಕ್ಕೆ ಆ ದೇಶ ತೆತ್ತ ಬೆಲೆ ಅದು.

ಇನ್ನು ಕಣ್ಣಿಗೆ ಕಾಣದ ಗಾಯಗಳು. ಟೈರಿನ ರಬ್ಬರಿನೊಳಗೆ ನೂಲಿನ ಪದರಗಳೂ ಉಕ್ಕಿನ ತಂತಿಗಳೂ ಹೆಣೆದಿರುತ್ತವೆ. ಭಾರವನ್ನು ನಿಜವಾಗಿ ಹೊರುವವು ಅವೇ. ಕಾರು ಗುಂಡಿಗೆ ಧಡಕ್ಕನೆ ಇಳಿದಾಗ ಒಳಗಿನ ನೂಲು ತುಂಡಾಗಿ, ಹೊರಗೆ ಏನೂ ಕಾಣದೆ ಹೋಗಬಹುದು. ಎಷ್ಟೋ ದಿನಗಳ ಮೇಲೆ ಪಕ್ಕೆಯಲ್ಲಿ ಉಬ್ಬು ಕಾಣಿಸಿಕೊಳ್ಳುತ್ತದೆ. ಗಾಳಿ ಕಡಿಮೆಯಾದ ಟೈರನ್ನು ಹಾಗೆಯೇ ಓಡಿಸಿದ್ದರೆ ಅದರ ಒಳಮೈ ಉಜ್ಜಿ ಸುಟ್ಟಂತಾಗಿರುತ್ತದೆ. ಎಲ್ಲಕ್ಕಿಂತ ಅಪಾಯಕರವಾದುದು ಮತ್ತೊಂದು ಕೈಚಳಕ. ಪೂರ್ತಿ ಸವೆದ ಟೈರಿಗೆ ಕಾಸಿದ ಅಲಗಿನಿಂದ ಹೊಸ ಗೀರು ಕೊರೆದು, ಪಾಲಿಶು ಬಳಿದು ನಿಲ್ಲಿಸುತ್ತಾರೆ. ಗೀರೇನೋ ಆಳವಾಯಿತು, ಆದರೆ ಆ ಆಳ ಬಂದುದು ತಂತಿಯನ್ನು ಕಾಪಾಡುತ್ತಿದ್ದ ಕೊನೆಯ ಪದರ ರಬ್ಬರಿನಿಂದ. ಗೋಡೆಯ ಇಟ್ಟಿಗೆ ಕಿತ್ತು ಮಹಡಿ ಕಟ್ಟಿದ ಹಾಗೆ.

ಊರೊಳಗೆ ಮೂವತ್ತು ಕಿಲೋಮೀಟರು ವೇಗದಲ್ಲಿ ಇಂಥ ಟೈರೂ ಹೇಗೋ ಸಂಸಾರ ತೂಗಿಸೀತು. ಆದರೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಗಳು ಬಂದ ಮೇಲೆ ಊರಿನ ಕಾರು ಊರಲ್ಲೇ ನಿಲ್ಲುವುದಿಲ್ಲ. ಹಬ್ಬಕ್ಕೆ ಅಜ್ಜಿಯ ಮನೆಗೆ ಹೊರಟ ಅದೇ ಕಾರು, ಅದೇ ಟೈರುಗಳ ಮೇಲೆ, ಕಾದ ರಸ್ತೆಯಲ್ಲಿ, ಹೊರಬಲ್ಲಷ್ಟು ಭಾರ ಹೊತ್ತು, ಗಂಟೆಗೆ ನೂರರಂತೆ ಓಡುತ್ತದೆ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು ಒಂದು ಅಂಗೈಯಗಲ. ನಾಲ್ಕು ಅಂಗೈಗಳ ಮೇಲೆ ಇಡೀ ಕುಟುಂಬ.

ಹಾಗಾದರೆ ಹಳೆಯ ಟೈರನ್ನು ಎಂದೂ ಕೊಳ್ಳಲೇಬಾರದೆ? ಅಷ್ಟು ಕಠಿಣವಾದ ತೀರ್ಪು ಬೇಕಿಲ್ಲ. ಬ್ರಿಟನ್ನಿನಲ್ಲಿ ಈ ವ್ಯಾಪಾರಕ್ಕೆ 1994ರಿಂದ ನಿಯಮಗಳಿವೆ: ಬಳಸಿದ ಟೈರಿನ ಮೇಲೆ ಅದು ಬಳಸಿದ್ದೆಂದು ಮುದ್ರೆಯಿರಬೇಕು, ಗೀರು ಕನಿಷ್ಠ 2 ಮಿಲಿಮೀಟರು ಇರಬೇಕು, ಮಾರುವ ಮುನ್ನ ಒಳಗೂ ಹೊರಗೂ ಪರೀಕ್ಷಿಸಿರಬೇಕು. ಇಲ್ಲಿಯ ಗಿರಾಕಿ ಆ ಪರೀಕ್ಷೆಯನ್ನು ತಾನೇ ಮಾಡಬೇಕು. ನೆರೆಮನೆಯವರು ಹೊಸ ಕಾರಿಗೆ ಅಗಲವಾದ ಟೈರು ಹಾಕಿಸಿ, ಮೊದಲಿನವನ್ನು ಮಾರುತ್ತಿದ್ದರೆ ಅವನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಅವುಗಳ ಪೂರ್ವಾಶ್ರಮ ಕಣ್ಣೆದುರೇ ಇದೆ. ಅಂಗಡಿಯದಾದರೆ ಜಾತಕವನ್ನು ಓದಿ, ಪಕ್ಕೆಯ ಮೇಲೆ ಕೈಯಾಡಿಸಿ, ಒಳಮೈಯಲ್ಲಿ ಪ್ಯಾಚು ಎಷ್ಟು, ಉಜ್ಜಿದ ಗುರುತು ಎಷ್ಟು ಎಂದು ಎಣಿಸಬೇಕು. ಒಳಗೆ ನೋಡಲು ಬಿಡದ ಅಂಗಡಿಯಿಂದ ಇಳಿದು ಬರುವುದೇ ಲೇಸು. ಕೈ ತೀರ ಬಿಗಿಯಾಗಿದ್ದರೆ ನಾಲ್ಕು ಹಳೆಯದರ ಬದಲು ಈ ವರ್ಷ ಎರಡು ಹೊಸದು, ಬರುವ ವರ್ಷ ಎರಡು ಎಂಬ ಮಾರ್ಗವೂ ಉಂಟು. ಹೊಸ ಎರಡನ್ನು ಹಿಂದಿನ ಚಕ್ರಗಳಿಗೆ ಹಾಕಿಸಿದರೆ ಮಳೆಯಲ್ಲಿ ಕಾರಿನ ಹಿಂಬದಿ ಜಾರಿ ತಿರುಗುವ ಭಯ ತಗ್ಗುತ್ತದೆ.

ಉಳಿದ ಹಳೆಯ ಟೈರುಗಳ ಗತಿಯೇನು? ಅವುಗಳಿಗೂ ಆಶ್ರಮಧರ್ಮವುಂಟು. ಡಿಕ್ಕಿಯಲ್ಲಿ ಸ್ಟೆಪ್ನಿಯಾಗಿ ಬ್ರಹ್ಮಚರ್ಯ, ಚಕ್ರವಾಗಿ ಗಾರ್ಹಸ್ಥ್ಯ, ಎತ್ತಿನ ಟೈರುಗಾಡಿಗೆ ಹೋಗಿ ಮೆಲ್ಲಗೆ ಹೊಲದ ದಾರಿ ಹಿಡಿಯುವುದು ವಾನಪ್ರಸ್ಥ, ಕೊನೆಗೆ ಆಲದ ಕೊಂಬೆಗೆ ಮಕ್ಕಳ ಉಯ್ಯಾಲೆಯಾಗಿ ನಿರ್ಲಿಪ್ತವಾಗಿ ತೂಗುವುದು ಸನ್ಯಾಸ. ವಾನಪ್ರಸ್ಥಕ್ಕೆ ಹೊರಟ ಟೈರನ್ನು ಪಾಲಿಶು ಬಳಿದು ಮತ್ತೆ ಸಂಸಾರಕ್ಕೆ ಎಳೆತರುವುದು ಅದಕ್ಕೂ ಶ್ರೇಯಸ್ಕರವಲ್ಲ, ಸಂಸಾರಕ್ಕೂ ಅಲ್ಲ.

ಗಾಳಿ ತುಂಬಿದ ಟೈರನ್ನು 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಬಳಕೆಗೆ ತಂದುದು ವ್ಯಾಪಾರಕ್ಕಾಗಿ ಅಲ್ಲ. ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾದಿಯಲ್ಲಿ ಕುಲುಕಾಡಬಾರದೆಂದು. ಡಾಕ್ಟರ ಗಾಡಿಯ ಟೈರೆಂಬ ಮಾತು ನಿಜವಾಗಿದ್ದುದು ಬಹುಶಃ ಆ ಒಂದು ಸಲವೇ. ಅಂಗಡಿಯಲ್ಲಿ ಚೌಕಾಸಿಗೆ ನಿಂತ ತಂದೆ, ಹಿಂದಿನ ಸೀಟಿನಲ್ಲಿ ಯಾರು ಕೂರುವರೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ, ಯಾವ ಟೈರು ಅಗ್ಗ, ಯಾವುದು ತುಟ್ಟಿ ಎಂಬುದನ್ನು ಬೇರೆ ಯಾರೂ ಹೇಳಬೇಕಾಗುವುದಿಲ್ಲ.