ಕೂಸಿನ ಮೊದಲ ಅಳು

ಮಾರ್ಗಶಿರ ಬಂತೆಂದರೆ ಹಿರಿಯೂರು, ಹೊಸದುರ್ಗದ ಬಯಲಿನಲ್ಲಿ ಬೀಸುವ ಕುಳಿರ್ಗಾಳಿ ದೊಡ್ಡವರನ್ನೇ ನಡುಗಿಸುತ್ತದೆ. ಅಂಥದೊಂದು ಬೆಳಿಗ್ಗೆ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ, ಬೆಂಚಿನ ಮೇಲೆ ಗೊಲ್ಲರಹಟ್ಟಿಯ ಅಜ್ಜಿಯೊಬ್ಬರು ಕುಳಿತಿದ್ದರು. ಸೊಸೆ ಹೆತ್ತು ಮೂರು ದಿನವಾಗಿತ್ತು. ಹೆಣ್ಣು ಕೂಸು, ತೂಕ ಎರಡೂವರೆ ಕಿಲೋಗೆ ತುಸು ಕಡಿಮೆ. ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರೂ ಅಜ್ಜಿಯ ಮುಖದಲ್ಲಿ ಗೆಲುವಿರಲಿಲ್ಲ.

“ಸೂತಕದಾಗೆ ಬಾಣಂತಿ ಹಟ್ಟಿ ಒಳಕ್ಕೆ ಬರಂಗಿಲ್ಲ ನರ್ಸಮ್ಮ. ಹೊರಗೆ ಗುಡ್ಲು ಹಾಕೀವಿ. ನಾನೂ ನಾಕು ಹೆತ್ತು ಅಂಗೇ ಇದ್ದೋಳು.”

“ನಾಕೂ ಉಳಿದವೇನಜ್ಜಿ?”

ಅಜ್ಜಿ ಮಾತಾಡಲಿಲ್ಲ.

ನರ್ಸ್ ಕೇಳಿದ ಆ ಒಂದು ಪ್ರಶ್ನೆಯ ಹಿಂದೆ ಶರೀರಶಾಸ್ತ್ರದ ಸ್ವಾರಸ್ಯಕರ ಅಧ್ಯಾಯವೊಂದಿದೆ. ತಾಯಿಯ ಹೊಟ್ಟೆಯಲ್ಲಿ ಮಗು ಆಕೆಗಿಂತ ಸುಮಾರು ಅರ್ಧ ಡಿಗ್ರಿ ಹೆಚ್ಚು ಬೆಚ್ಚಗಿರುತ್ತದೆ. ಹೆರಿಗೆಯ ನೋವು ಬಂದಾಗಲೆಲ್ಲ ಗರ್ಭಕೋಶ ಅದನ್ನು ಹಿಂಡುತ್ತದೆ. ತಲೆ ಒತ್ತಿಕೊಳ್ಳುತ್ತದೆ, ಆಮ್ಲಜನಕ ಆಗಾಗ ಕಡಿಮೆಯಾಗುತ್ತದೆ. ಕೊನೆಗೆ ಒದ್ದೆ ಮೈಯಲ್ಲಿ ತಣ್ಣನೆಯ ಗಾಳಿಗೆ ಬಂದು ಬೀಳುತ್ತದೆ. ಇಷ್ಟೆಲ್ಲ ಕಷ್ಟವನ್ನು ಆ ಎಳೆಯ ಜೀವ ಹೇಗೆ ತಾಳುತ್ತದೆ?

ಮೆದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಗ್ರಂಥಿಯಿದೆ. ದೊಡ್ಡವರಲ್ಲೇ ಅದು ಬಟಾಣಿ ಕಾಳಿನಷ್ಟು. ಕೂಸಿನಲ್ಲಿ ಇನ್ನೂ ಚಿಕ್ಕದು. ಹೆರಿಗೆಯ ಹೊತ್ತಿನಲ್ಲಿ ಅದು ಹಲವು ಹಾರ್ಮೋನುಗಳನ್ನು ಒಟ್ಟಿಗೆ ರಕ್ತಕ್ಕೆ ಬಿಡುತ್ತದೆ. ಎಸಿಟಿಎಚ್ ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಗಳನ್ನು ಎಬ್ಬಿಸಿ ಕಾರ್ಟಿಸಾಲ್ ತಯಾರಿಸುತ್ತದೆ. ವಾಸೋಪ್ರೆಸಿನ್ ರಕ್ತದ ಒತ್ತಡವನ್ನು ಕಾಯುತ್ತದೆ. ಬೀಟಾ ಎಂಡಾರ್ಫಿನ್ ನೋವಿನ ಅರಿವನ್ನು ಮಂದವಾಗಿಸುತ್ತದೆ. ಅಡ್ರಿನಲ್ ಗ್ರಂಥಿಯಿಂದ ಹೊರಡುವ ಅಡ್ರಿನಲಿನ್ ಬಳಗದ ಹಾರ್ಮೋನುಗಳು ಶ್ವಾಸಕೋಶದಲ್ಲಿ ತುಂಬಿದ ದ್ರವ ಹೀರಿಹೋಗಲು ನೆರವಾಗುತ್ತವೆ. ಆಮೇಲೆ ಕೂಸು ಉಸಿರೆಳೆದು ಅಳುತ್ತದೆ.

ಹ್ಯೂಗೊ ಲಾಗರ್‌ಕ್ರಾಂಟ್ಸ್ ಮತ್ತು ಥಿಯೊಡೋರ್ ಸ್ಲಾಟ್ಕಿನ್ ಎಂಬ ವಿಜ್ಞಾನಿಗಳು 1986ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಹುಟ್ಟಿನ ಈ ಒತ್ತಡ ಮಗುವಿಗೆ ಉಪಕಾರಿ ಎಂದು ವಿವರಿಸಿದ್ದರು. ನೋವು ಶುರುವಾಗುವ ಮೊದಲೇ ಸಿಸೇರಿಯನ್ ಆದ ಮಕ್ಕಳಲ್ಲಿ ಈ ಹಾರ್ಮೋನುಗಳು ಕಡಿಮೆ ಇರುತ್ತವೆ. ಅಂಥ ಕೆಲವು ಮಕ್ಕಳು ಮೊದಲ ದಿನ ಉಸಿರಾಟಕ್ಕೆ ಸ್ವಲ್ಪ ಕಷ್ಟಪಡುವುದುಂಟು.

ಇನ್ನೊಂದು ಹಾರ್ಮೋನು ಟಿಎಸ್‌ಎಚ್. ಹುಟ್ಟಿದ ಅರ್ಧ ಗಂಟೆಯೊಳಗೆ ಅದು ಲೀಟರಿಗೆ 60ರಿಂದ 80 ಮಿಲಿಯೂನಿಟ್‌ವರೆಗೂ ಏರಿ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಮೈಗೆ ಹಠಾತ್ತನೆ ತಟ್ಟಿದ ಚಳಿಯೇ ಈ ಏರಿಕೆಗೆ ಮುಖ್ಯ ಕಾರಣ. ಅದು ಥೈರಾಯಿಡ್ ಗ್ರಂಥಿಯನ್ನು ಚುರುಕುಗೊಳಿಸಿ ಮೈ ಕಾವು ಉಳಿಸಲು ನೆರವಾಗುತ್ತದೆ. ಹಿಮ್ಮಡಿಗೆ ಸೂಜಿ ಚುಚ್ಚಿ ಮಾಡುವ ಥೈರಾಯಿಡ್ ಪರೀಕ್ಷೆಗೆ ಸಾಧ್ಯವಾದಷ್ಟೂ 48 ಗಂಟೆ ಕಾಯುವುದು ಈ ಕಾರಣಕ್ಕೇ. ಮೊದಲ ದಿನವೇ ನೋಡಿದರೆ ಆರೋಗ್ಯದ ಮಗುವೂ ರೋಗಿಯಂತೆ ಕಂಡೀತು.

ಆದರೆ ಈ ಏರ್ಪಾಡೆಲ್ಲ ಕೆಲವು ಗಂಟೆಗಳ ಕಷ್ಟಕ್ಕೆ ಮಾತ್ರ. ಎಳೆಗೂಸು ನಮ್ಮಂತೆ ನಡುಗಿ ಬಿಸಿಯಾಗಲಾರದು. ಕತ್ತಿನ ಸುತ್ತ, ಬೆನ್ನಿನ ಮೇಲ್ಭಾಗದಲ್ಲಿ ಇರುವ ಕಂದು ಕೊಬ್ಬನ್ನು ಉರಿಸಿ ಕಾವು ಮಾಡಿಕೊಳ್ಳುತ್ತದೆ. ತೂಕ ಕಡಿಮೆಯಿರುವ ಮಗುವಿನಲ್ಲಿ ಆ ಗಂಟು ಬೇಗ ಕರಗುತ್ತದೆ. ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಹಾಲು ಚೀಪಲು ಶಕ್ತಿ ಸಾಲದು, ಉಸಿರು ಸೋಲುತ್ತದೆ. ಗುಡಿಸಲ ಚಳಿಗೆ ಪಿಟ್ಯುಟರಿಯ ಬಳಿ ಮದ್ದಿಲ್ಲ.

ಇದು ಬರಿಯ ಪುಸ್ತಕದ ಮಾತಲ್ಲ. 2023ರ ಜುಲೈನಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ಬಾಣಂತಿಯೊಡನೆ ಹೊರಗಿದ್ದ ಹಸುಗೂಸು ತೀರಿಕೊಂಡ ಸುದ್ದಿಯನ್ನು ನಾಡೇ ಓದಿತು. ಬಸುರಿ, ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಊರ ಹೊರಗಿಡುವುದು ರಾಜ್ಯದ 2017ರ ಅಮಾನವೀಯ ಆಚರಣೆಗಳ ವಿರುದ್ಧದ ಕಾಯ್ದೆಯ ಪ್ರಕಾರ ಅಪರಾಧ. ಆದರೆ ದೇವರು ಮುನಿದಾನು ಎಂಬ ಅಂಜಿಕೆ ಕಾಯ್ದೆಗಿಂತ ಹಳೆಯದು. ಹಟ್ಟಿಯ ಹಿರಿಯರು ಕಟುಕರೇನಲ್ಲ, ಅಂಜಿದವರು.

ಆ ನರ್ಸಿಗೆ ಇದು ಗೊತ್ತಿತ್ತು. ಅವರು ಕಾಯ್ದೆಯ ಮಾತೆತ್ತಲಿಲ್ಲ. ಅಜ್ಜಿಯ ಕೈ ಹಿಡಿದು ಮೊದಲು ಕೂಸಿನ ಹೊಟ್ಟೆ, ಆಮೇಲೆ ಪಾದ ಮುಟ್ಟಿಸಿದರು. ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗಿತ್ತು. “ಪಾದ ತಣ್ಣಗಾದರೆ ಕೂಸಿಗೆ ಚಳಿ ಹಿಡೀತಿದೆ ಅಂತ ಅಜ್ಜಿ” ಎಂದು ಹೇಳಿ, ಮಗುವನ್ನು ತಾಯಿಯ ಬರಿಯೆದೆಗೆ ಒರಗಿಸಿ, ತಲೆಗೆ ಕುಲಾವಿ ಹಾಕಿ, ಮೇಲೆ ಕಂಬಳಿ ಹೊದಿಸಿದರು. ಮತ್ತೆ ಮುಟ್ಟಿ ನೋಡುವ ಹೊತ್ತಿಗೆ ಪಾದ ಬೆಚ್ಚಗಾಗಿತ್ತು.

ಅಜ್ಜಿ ಬಹಳ ಹೊತ್ತು ಆ ಪಾದವನ್ನು ಬಿಡಲಿಲ್ಲ.

“ಎರಡನೇದು ಉಳೀಲಿಲ್ಲ ನರ್ಸಮ್ಮ. ಬೆಳಗಿನ ಜಾವ ಅಳು ನಿಂತಿತ್ತು. ಮಲಗೈತೆ ಅಂದ್ಕೊಂಡಿದ್ದೆ.”

ಸಂಜೆ ಮಗ ಆಟೋ ತಂದ. ಹತ್ತುವ ಮುನ್ನ ಅಜ್ಜಿ ಅವನಿಗೆ ಹೇಳಿದರು: “ಗುಡ್ಲು ಕಿತ್ತಾಕು. ಹಿಂದಲ ಕೋಣೆಯಾಗೆ ಇರ್ಲಿ ಇವರು. ಜುಂಜಪ್ಪಗೆ ತಪ್ಪುಕಾಣಿಕೆ ನಾನು ಕಟ್ತೀನಿ.”