ಬಡಿಸುವ ಕೈ

ಗೃಹಸ್ಥನಾದವನು ಹೋಟೆಲಿಗೆ ಹೋಗುವುದು ಹಸಿವಿಗಾಗಿ ಎಂದು ತಿಳಿಯುವುದು ಸರಿಯಲ್ಲ. ಹಸಿವಿಗೆ ಮನೆಯಲ್ಲಿ ಅನ್ನವುಂಟು, ಸಾರುಂಟು, ಉಪ್ಪಿನಕಾಯಿಯ ಭರಣಿಯುಂಟು. ದಾರಿಹೋಕನೂ ಒಂಟಿಯಾಗಿ ಬಾಳುವವನೂ ಹಸಿವಿಗಾಗಿ ಹೋಗುವುದು ಸಹಜ. ಸಂಸಾರವಂದಿಗನು ಹೋಗುವುದು ಬೇರೊಂದು ಪದಾರ್ಥವನ್ನು ಕೊಳ್ಳುವುದಕ್ಕೆ. ಅದರ ಹೆಸರು ಬಿಡುವು. ಒಂದು ಹೊತ್ತಿನ ಮಟ್ಟಿಗೆ ಒಲೆ ಹಚ್ಚಬೇಕಾಗಿಲ್ಲ, ಪಾತ್ರೆ ತೊಳೆಯಬೇಕಾಗಿಲ್ಲ, ಯಾರಿಗೆ ಏನು ಬೇಕೆಂದು ಕೇಳುತ್ತ ನಿಲ್ಲಬೇಕಾಗಿಲ್ಲ. ದಿನವೂ ಬಡಿಸುವ ಕೈ ಅಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತಿರಬಹುದು. ಬೆಲೆಯ ಪಟ್ಟಿಯಲ್ಲಿ ಈ ಪದಾರ್ಥವು ಎಲ್ಲಿಯೂ ಕಾಣುವುದಿಲ್ಲ. ಆದರೂ ನಾವು ತೆರುವ ಹಣದಲ್ಲಿ ಹೆಚ್ಚಿನ ಪಾಲು ಇದಕ್ಕೇ ಸಲ್ಲುವುದೆಂದು ನನ್ನ ಭಾವನೆ.

ಈ ಮರ್ಮವು ನಮ್ಮ ನಾಡಿನ ಹೋಟೆಲುಗಾರರಿಗೆ ತಿಳಿಯದುದೇನಲ್ಲ. ಉಡುಪಿಯ ಕಡೆಯಿಂದ ಹೊರಟವರು ಪಂಕ್ತಿಭೋಜನದ ಶಿಸ್ತನ್ನು ಪೇಟೆಯ ಬೀದಿಗೆ ತಂದರು. ಕಡಂದಲೆಯ ಕೃಷ್ಣರಾಯರು ಅಡಿಗೆಯ ಮನೆಯ ಸಣ್ಣ ಕೆಲಸಗಳಿಂದ ಮೊದಲುಮಾಡಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿದರು. 1924ರಲ್ಲಿ ಮೈಯ ಸೋದರರು ಬೆಂಗಳೂರಿನಲ್ಲಿ ತೆರೆದ ಕಾಫಿಯ ಅಂಗಡಿಯು ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ಹೆಸರಾಯಿತು. ಅಲ್ಲಿ ಉಣ್ಣಬಂದವರು ಅಡಿಗೆಯ ಮನೆಯನ್ನು ಕಣ್ಣಾರೆ ಕಂಡು ಒಳಗೆ ಹೋಗುವ ಏರ್ಪಾಡಿತ್ತು. ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಮಾಣಿಯು ದೋಸೆಯ ತಟ್ಟೆಗಳನ್ನು ಒಂದೇ ಕೈಯ ಮೇಲೆ ಗೋಪುರದಂತೆ ಪೇರಿಸಿ ತರುವುದು ಚಮತ್ಕಾರಕ್ಕಾಗಿಯಲ್ಲ. ಬಿಸಿ ಆರುವುದರೊಳಗಾಗಿ ಎಲ್ಲರಿಗೂ ಮುಟ್ಟಲೆಂದು. ಧಾರವಾಡದ ಕಡೆಯ ಖಾನಾವಳಿಗಳಲ್ಲಿ ರೊಟ್ಟಿಯು ಹಂಚಿನಿಂದ ನೇರವಾಗಿ ತಾಟಿಗೆ ಬೀಳುತ್ತದೆ, ಅದರ ಹಿಂದೆಯೇ ಇನ್ನೊಂದು ಹಾಕಲೇ ಎಂಬ ಮಾತೂ ಬರುತ್ತದೆ. ಮದುವೆಯ ಮನೆಯಲ್ಲಿ ಯಜಮಾನನು ಪಂಕ್ತಿಯ ನಡುವೆ ತಿರುಗುತ್ತ “ಸಾವಕಾಶವಾಗಿ ಆಗಲಿ” ಎನ್ನುವನಲ್ಲವೆ? ಆ ಮಾತಿಗೆ ಹಣವಿಲ್ಲ. ಆದರೆ ಆ ಮಾತಿಲ್ಲದ ಊಟಕ್ಕೆ ರುಚಿಯಿಲ್ಲ.

ಇಷ್ಟನ್ನು ಹೇಳಿದುದು ಈಚೆಗೆ ನಡೆದ ಒಂದು ಸಂಗತಿಗಾಗಿ. ನಮ್ಮ ಅತ್ತಿಗೆಯವರು ಸೊಸೆಯಾಗಿ ಈ ಮನೆಯ ಹೊಸಿಲನ್ನು ದಾಟಿ ಕಳೆದ ವೈಶಾಖಕ್ಕೆ 40 ವರ್ಷ ತುಂಬಿತು. ಆ ಸಂಜೆ ಅವರು ಅಡಿಗೆಯ ಮನೆಯನ್ನು ಹೊಗಕೂಡದೆಂದು ಅಣ್ಣನವರು ಕಟ್ಟುಮಾಡಿ, ನಮ್ಮ ಪಕ್ಕದ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಭೋಜನಶಾಲೆಗೆ ಮನೆಯವರೆಲ್ಲರನ್ನೂ ಹೊರಡಿಸಿದರು. ಆರು ಮಂದಿ ಹೋದೆವು. ಏನು ಬೇಕೆಂದು ಕೇಳಿದಾಗ ಅತ್ತಿಗೆಯವರು ಕ್ಷಣವೂ ಯೋಚಿಸದೆ, “ಪೂರಿ ಸಾಗು” ಎಂದರು. ಇಷ್ಟು ದೂರ ಬಂದು ಪೂರಿಯೇ ಎಂದು ಮಕ್ಕಳು ನಕ್ಕರು. ಅತ್ತಿಗೆಯವರು ಹೇಳಿದರು: “ಮನೆಯಲ್ಲಿ ಎಲ್ಲರಿಗೂ ಕರಿದು ಹಾಕಿ ನಾನು ಕೂಡುವ ಹೊತ್ತಿಗೆ ನನ್ನ ಪಾಲಿನದು ಚಪ್ಪಟೆಯಾಗಿರುತ್ತದೆ. ಉಬ್ಬಿದ ಪೂರಿಯನ್ನು ಒಡೆದು ತಿನ್ನಬೇಕೆಂದು ಆಸೆ.” ಮೇಜಿನ ಸುತ್ತ ಯಾರೂ ಮತ್ತೆ ನಗಲಿಲ್ಲ.

ಉಳಿದವರಿಗೆ ಆಯ್ಕೆಮಾಡುವುದು ಅಷ್ಟು ಸುಲಭವಾಗಲಿಲ್ಲ. ಮೇಜಿಗೆ ಅಂಟಿಸಿದ್ದ ಒಂದು ಚೌಕದ ಮುಂದೆ ಮೊಬೈಲನ್ನು ಹಿಡಿದರೆ ಪಟ್ಟಿಯು ತಾನಾಗಿ ಮೂಡುವುದೆಂದು ಹೇಳಿ ಹುಡುಗನು ಹೊರಟುಹೋದನು. ಅಣ್ಣನವರ ಕನ್ನಡಕವು ಮನೆಯಲ್ಲಿ ಉಳಿದಿತ್ತು. ನಾನು ಓದಿದೆನು, ಅವರು ಕೇಳಿದರು. ಉತ್ತರದೇಶದ್ದು, ದಕ್ಷಿಣದ್ದು, ಚೀಣೀಯರದು ಎಂದು ಮೂರು ಅಧ್ಯಾಯಗಳ ಸಹಸ್ರನಾಮ. ಪಾರಾಯಣ ಮುಗಿದ ಮೇಲೆ ಪ್ರಸಾದಕ್ಕಾಗಿ 40 ನಿಮಿಷ ಕಾದೆವು. ಆ ಅವಧಿಯಲ್ಲಿ ಬಾಗಿಲ ಬಳಿ ನಿಂತಿದ್ದ ಬೈಸಿಕಲ್ ಸವಾರರೂ ಮೋಟಾರು ಸವಾರರೂ ಒಬ್ಬೊಬ್ಬರಾಗಿ ಕಟ್ಟಿದ ಊಟದ ಚೀಲಗಳನ್ನು ಹೊತ್ತು ಹೋಗುತ್ತಲೇ ಇದ್ದರು. ಎದುರಿಗೆ ಕುಳಿತವನಿಗಿಂತ ಕಣ್ಣಿಗೆ ಕಾಣದವನ ಹಸಿವು ಅಲ್ಲಿ ದೊಡ್ಡದಾಗಿತ್ತು.

ಕೊನೆಗೆ ಪೂರಿಯು ಬಂದಿತು. ಪೂರಿ ಉಬ್ಬುವುದು ಹಿಟ್ಟಿನೊಳಗಿನ ನೀರು ಕಾದ ಎಣ್ಣೆಯಲ್ಲಿ ಆವಿಯಾಗಿ ಪದರಗಳನ್ನು ಬೇರ್ಪಡಿಸುವುದರಿಂದ. ಆ ಆವಿಯ ಆಯುಷ್ಯ ಕೆಲವೇ ನಿಮಿಷಗಳದು. ನಮ್ಮ ಮೇಜಿಗೆ ಬಂದವು ಎಂದೋ ಉಸಿರು ಬಿಟ್ಟು, ತೊಗಲಿನಂತೆ ಬಳುಕುತ್ತಿದ್ದುವು. ಅನ್ನವು ಆರಿ ಅಗುಳು ಅಗುಳೂ ಗಡುಸಾಗಿತ್ತು. ಸಾರಿನಲ್ಲಿ ಒಗ್ಗರಣೆಯ ಕರಿಬೇವು ತೇಲುತ್ತಿತ್ತೇ ಹೊರತು ಒಗ್ಗರಣೆಯ ಪರಿಮಳವಿರಲಿಲ್ಲ. ಇಂಗಿನ ವಾಸನೆಯು ಕಾಯುತ್ತ ಕೂಡುವಂತಹುದಲ್ಲ, ಮತ್ತೆ ಮತ್ತೆ ಕುದಿಸಿದರೆ ಹಾರಿಹೋಗುತ್ತದೆ. ಮೂರು ಬೇರೆ ಹೆಸರಿನ ಪಲ್ಯಗಳನ್ನು ತರಿಸಿದ್ದೆವು. ಮೂರರ ಗೊಜ್ಜೂ ಒಂದೇ ಬಣ್ಣದ್ದು, ಒಂದೇ ರುಚಿಯದು. ಪಟ್ಟಿಯು ಉದ್ದವಾದಷ್ಟೂ ಅಡಿಗೆಯವನು ಈರುಳ್ಳಿ ಟೊಮ್ಯಾಟೋಗಳನ್ನು ಅರೆದು ಒಂದೇ ಮೂಲದ್ರವ್ಯವನ್ನು ಮುಂಚೆಯೇ ಮಾಡಿಟ್ಟುಕೊಳ್ಳಬೇಕಾಗುತ್ತದೆ. ಹೆಸರು ಬದಲಾಗುವುದು ಮೇಲೆ ಉದುರಿಸುವ ವಸ್ತುವಿನಿಂದ.

ಇವೆಲ್ಲವನ್ನೂ ಸೈರಿಸಬಹುದಾಗಿತ್ತು. ಸೈರಿಸಲಾಗದುದು ಬೇರೆ. ಹುಡುಗನು ಬಟ್ಟಲುಗಳನ್ನು ಮೇಜಿನ ನಡುವೆ ಗುಂಪಾಗಿ ಇಟ್ಟು, ಕರೆದರೂ ತಿರುಗದೆ ಮುಂದಿನ ಮೇಜಿಗೆ ಓಡಿದನು. ಕ್ಷಣಕಾಲ ನಾವೆಲ್ಲರೂ ಬಟ್ಟಲುಗಳನ್ನು ನೋಡುತ್ತ ಕುಳಿತೆವು. ಅಷ್ಟರಲ್ಲಿ ಅತ್ತಿಗೆಯವರ ಕೈಯು ಅಭ್ಯಾಸಬಲದಿಂದ ಸೌಟಿನ ಕಡೆಗೆ ಹೋಯಿತು. ಕಿರಿಯವನಿಗೆ ಮೊದಲು, ಆಮೇಲೆ ಹುಡುಗಿಗೆ, ಅಣ್ಣನವರಿಗೆ, ನಮಗೆ. ಯಾರಿಗೆ ಖಾರ ಆಗದು, ಯಾರಿಗೆ ಮೊಸರು ಬೇಕು, ಎಲ್ಲವನ್ನೂ ನೆನಪಿಟ್ಟು ಬಡಿಸತೊಡಗಿದರು. ಅವರ ತಟ್ಟೆಯಲ್ಲಿ ಪೂರಿಯು ಮುಟ್ಟದೆ ಬಿದ್ದಿತ್ತು. 40 ವರ್ಷಗಳಲ್ಲಿ ಅವರಿಗೆಂದು ಮೀಸಲಿಟ್ಟ ಒಂದು ಸಂಜೆಯೂ ಹೀಗೆ ಬಡಿಸುವುದರಲ್ಲಿಯೇ ಕಳೆಯಿತೆಂದು ತೋರಿತು. ಆಗ ಅಣ್ಣನವರು ಮಾತನಾಡದೆ ಕೈಚಾಚಿ ಸೌಟನ್ನು ತೆಗೆದುಕೊಂಡರು. ಅವರಿಗೆ ಬಡಿಸಿ ರೂಢಿಯಿಲ್ಲ. ಸಾಗುವಿನಲ್ಲಿ ಅರ್ಧ ತಟ್ಟೆಗೆ ಬಿದ್ದಿತು, ಅರ್ಧ ಅತ್ತಿಗೆಯವರ ಸೀರೆಯ ಸೆರಗಿಗೆ. ಅತ್ತಿಗೆಯವರು ಮನಸಾರೆ ನಕ್ಕದ್ದು ಆ ಸಂಜೆ ಅದೊಂದೇ ಸಲ.

ಲೆಕ್ಕದ ಚೀಟಿಯು ಮಾತ್ರ ಕರೆಯದೆಯೇ ಬಂದಿತು. ಅದರಲ್ಲಿ ಸೇವಾಶುಲ್ಕವೆಂದು ನೂರಕ್ಕೆ ಹತ್ತರಂತೆ ಸೇರಿಸಿದ್ದರು. ಈ ಶುಲ್ಕವನ್ನು ತಾವಾಗಿಯೇ ಚೀಟಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ವಿಧಿಸಿದೆ. 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಯಜಮಾನರಿಗೆ ಇದನ್ನು ಮೆಲ್ಲಗೆ ಅರಿಕೆಮಾಡಿದೆನು. ಅವರು ವಾದಿಸದೆ ಅಳಿಸಿದರು. ಊಟದ ಸಂಗತಿಯನ್ನೂ ಹೇಳಿದೆನು. ಅವರು ದಣಿದ ದನಿಯಲ್ಲಿ, ಬಾಡಿಗೆ ಹೆಚ್ಚು, ಅಡಿಗೆಯವರು ತಿಂಗಳಿಗೊಬ್ಬರು ಬಿಟ್ಟುಹೋಗುತ್ತಾರೆ, ಮೊಬೈಲಿನ ಮೂಲಕ ಬರುವ ಬೇಡಿಕೆಗಳಲ್ಲಿ ಮಧ್ಯಸ್ಥ ಕಂಪೆನಿಯವರಿಗೂ ಪಾಲು ಕೊಡಬೇಕು, ತಡವಾದರೆ ಅವರಿಂದ ಚುಕ್ಕೆಗಳು ಇಳಿಯುತ್ತವೆ ಎಂದರು. ಸುಳ್ಳೆಂದು ನನಗೆ ತೋರಲಿಲ್ಲ. ಆದರೆ ಅಷ್ಟೆಲ್ಲ ಮಾತಿನಲ್ಲಿ ಎದುರಿಗೆ ಕುಳಿತವರ ಪ್ರಸ್ತಾಪವೇ ಬರಲಿಲ್ಲ. ಹತ್ತು ಮೇಜುಗಳಿಗೆ ಒಬ್ಬನೇ ಓಡಾಡುತ್ತಿದ್ದ ಹುಡುಗನ ಕೈಗೆ ಅಣ್ಣನವರು ಸ್ವಲ್ಪ ಹಣವನ್ನು ನೇರವಾಗಿ ಕೊಟ್ಟರು. ಅವನು ಬೆರಗಾಗಿ ನಿಂತನು.

ಮರುದಿನ ನೆರೆಮನೆಯಾಕೆ ಬೇಲಿಯ ಬಳಿ ನಿಂತು ಊಟ ಹೇಗಿತ್ತೆಂದು ವಿಚಾರಿಸಿದರು. ಅತ್ತಿಗೆಯವರು, “ಎಲ್ಲ ಆರಿತ್ತಮ್ಮಾ. ಪಾಪ, ಆ ಹುಡುಗನಾದರೂ ಉಂಡಿದ್ದನೋ ಇಲ್ಲವೋ” ಎಂದರು. ಬಡಿಸಿ ಬಲ್ಲವರು ಬಡಿಸುವವನ ಹಸಿವನ್ನು ಬಲ್ಲರು.

ಹೋಟೆಲುಗಳ ಯಜಮಾನರಲ್ಲಿ ನನ್ನ ವಿಜ್ಞಾಪನೆಯು ದೊಡ್ಡದಲ್ಲ. ಪಟ್ಟಿಯಲ್ಲಿ ನೂರು ಹೆಸರಿನ ಬದಲು ಹತ್ತಿರಲಿ, ಆ ಹತ್ತೂ ಬಿಸಿಯಾಗಿರಲಿ. ಮನೆಗಳಿಗೆ ಕಳುಹಿಸುವ ಊಟಕ್ಕೆ ಬೇರೆ ಕೈಗಳಿರಲಿ. ಮೇಜುಗಳ ನಡುವೆ ಏನು ಬೇಕೆಂದು ಕೇಳುವ ಒಬ್ಬ ಮನುಷ್ಯನಿರಲಿ, ಅವನು ಹೊಟ್ಟೆತುಂಬ ಉಂಡು ನಿಂತಿರಲಿ. ಗೃಹಸ್ಥರಲ್ಲಿಯೂ ಒಂದು ಮಾತು: ಊಟ ಕೆಟ್ಟಿದ್ದರೆ ಮನೆಗೆ ಬಂದು ಗೊಣಗುವುದಕ್ಕಿಂತ ಅಲ್ಲಿಯೇ, ಯಜಮಾನನಿಗೇ, ಕೋಪವಿಲ್ಲದೆ ಹೇಳುವುದು ಲೇಸು, ಕೇಳಿದ ಹತ್ತು ಮಂದಿಯಲ್ಲಿ ಒಬ್ಬನು ತಿದ್ದಿಕೊಂಡರೂ ಬೀದಿಗೆ ಉಪಕಾರವಾಗುತ್ತದೆ. ಉಬ್ಬಿದ ಪೂರಿಯ ಸಾಲವು ನಮ್ಮ ಮನೆಯಲ್ಲಿ ಹಾಗೆಯೇ ಉಳಿದಿತ್ತು. ಮುಂದಿನ ಭಾನುವಾರ ಮಕ್ಕಳು ಬಾಣಲೆಯ ಮುಂದೆ ನಿಂತರು. ಮೊದಲನೆಯ ನಾಲ್ಕು ಉಬ್ಬಲಿಲ್ಲ, ಐದನೆಯದು ಉಬ್ಬಿತು.